ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ ಕನ್ನಡ ಪುಸ್ತಕ ಹುಡುಕುವುದು ಹೇಗೆ?

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನನ್ನ ದೊಡ್ಡಮ್ಮ ಬೇಸರದಿಂದ ಫೋನ್ ಮಾಡಿದರು. ಮೊಮ್ಮಗಳು ಮೊಬೈಲಿನಲ್ಲಿ ಊರಿನ ಗ್ರಂಥಾಲಯದ ಸೂಚಿಯನ್ನು ತೆರೆದುಕೊಟ್ಟಿದ್ದಳಂತೆ. ಅದರಲ್ಲಿ ‘ತ್ರಿವೇಣಿ’ ಎಂದು ಹುಡುಕಿದರೆ ಒಂದು ಪುಸ್ತಕವೂ ಬರಲಿಲ್ಲ. ‘ನಾನು ಅಲ್ಲಿಂದಲೇ ತಂದು ಓದಿದ್ದೆನಲ್ಲ, ಎಲ್ಲವನ್ನೂ ರದ್ದಿಗೆ ಹಾಕಿಬಿಟ್ಟರೇನೋ’ ಎಂದು ಸಂಕಟಪಟ್ಟರು. ನಾನು ಅದೇ ಸೂಚಿಯಲ್ಲಿ ‘ಅನಸೂಯಾ’ ಎಂದು ಹುಡುಕಿದೆ. ಅವರು ಕೇಳಿದ ಕಾದಂಬರಿಗಳಲ್ಲಿ ಬಹುಪಾಲು ಸಾಲಾಗಿ ಬಂದವು. ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. ದಾಖಲೆ ಬರೆದವರು ನಿಜನಾಮವನ್ನು ಬರೆದು ಕಾವ್ಯನಾಮವನ್ನು ಬಿಟ್ಟಿದ್ದರು, ಅಷ್ಟೆ.

ಸೂಚಿ ‘ಫಲಿತಾಂಶ ಇಲ್ಲ’ ಎಂದು ತೋರಿಸಿದಾಗ ಪುಸ್ತಕವೇ ಇಲ್ಲ ಎಂದುಕೊಂಡು ಹಿಂದಿರುಗುವವರು ಬಹಳ ಮಂದಿ. ಸೂಚಿಗೆ ಪುಸ್ತಕ ಗೊತ್ತಿಲ್ಲ. ಪುಸ್ತಕದ ಬಗ್ಗೆ ಯಾರೋ ಒಬ್ಬರು ಕುಳಿತು ಬರೆದ ಹತ್ತು ಹನ್ನೆರಡು ಸಾಲು ಮಾತ್ರ ಅದಕ್ಕೆ ಗೊತ್ತು. ಆ ಸಾಲುಗಳಲ್ಲಿ ಇರುವ ಪದವೂ ನೀವು ಕೊಟ್ಟ ಪದವೂ ಅಕ್ಷರಕ್ಕೆ ಅಕ್ಷರ ಕೂಡಿದರೆ ಪುಸ್ತಕ ಸಿಗುತ್ತದೆ. ಕನ್ನಡದ ಪುಸ್ತಕಗಳ ಮಟ್ಟಿಗೆ ಇದು ಕೂಡದೆ ಹೋಗಲು ಅನೇಕ ಕಾರಣಗಳಿವೆ. ಒಂದೊಂದಕ್ಕೂ ಮದ್ದಿದೆ. ಅವನ್ನು ನಾನು ಬಳಸುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಒಂದು ಚೀಟಿ

ಸೂಚಿ ತೆರೆಯುವ ಮುನ್ನ ಗೊತ್ತಿರುವುದನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಿ. ಹೆಸರಿನ ಒಂದು ಪದ, ಲೇಖಕರ ಹೆಸರು ಮತ್ತು ಅವರ ಊರು, ಪ್ರಕಾಶಕರು, ಸುಮಾರು ಯಾವ ದಶಕ, ಅನುವಾದವಾಗಿದ್ದರೆ ಮೂಲ ಭಾಷೆ. ಇವುಗಳಲ್ಲಿ ಯಾವುದು ಖಚಿತ, ಯಾವುದು ನೆನಪಿನ ಮೇಲೆ ಬರೆದದ್ದು ಎಂದು ಗುರುತು ಹಾಕಿಕೊಳ್ಳಿ. ಹುಡುಕಾಟವನ್ನು ಖಚಿತವಾದದ್ದರಿಂದ ಮಾತ್ರ ಆರಂಭಿಸಬೇಕು. ಐದು ಪದದ ಹೆಸರಿನಲ್ಲಿ ಒಂದು ಪದ ತಪ್ಪು ನೆನಪಾದರೂ ಫಲಿತಾಂಶ ಸೊನ್ನೆಯಾಗುತ್ತದೆ. ಖಚಿತವಾದ ಒಂದೇ ಪದ ಕೊಟ್ಟರೆ ನಲವತ್ತು ಪುಸ್ತಕ ಬರಬಹುದು, ಆದರೆ ನಿಮ್ಮದು ಆ ನಲವತ್ತರಲ್ಲಿ ಇರುತ್ತದೆ.

ಪುಸ್ತಕದ ಬೆನ್ನ ಮೇಲಿನ ಐಎಸ್‌ಬಿಎನ್ ಸಂಖ್ಯೆ ಸಿಕ್ಕಿದರೆ ಬೇರೆ ಏನೂ ಬೇಡ. ಭಾರತದ ಪುಸ್ತಕಗಳಲ್ಲಿ ಅದು 97881 ಅಥವಾ 97893 ಎಂದು ಆರಂಭವಾಗುತ್ತದೆ. 2007ಕ್ಕೆ ಹಿಂದಿನವುಗಳಲ್ಲಿ ಹತ್ತೇ ಅಂಕಿ ಇರುತ್ತವೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಇದು ಇರುವುದೇ ಇಲ್ಲ, ಆದ್ದರಿಂದ ಇದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಯಾವ ಸೂಚಿ?

ಹತ್ತಿರದ ಗ್ರಂಥಾಲಯದ್ದೇ ಮೊದಲು. ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿ ಮನೆಯೂ ಅದರ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ನಮ್ಮ ಹಣದಿಂದಲೇ ಕೊಂಡ ಪುಸ್ತಕಗಳನ್ನು ನಾವು ಹುಡುಕಲೂ ಹೋಗದಿದ್ದರೆ ಅದು ನಿಜಕ್ಕೂ ನಷ್ಟ. ಆದರೆ ಒಂದು ಮಾತು ತಿಳಿದಿರಲಿ. ಶಾಖಾ ಗ್ರಂಥಾಲಯಗಳ ಎಲ್ಲ ಪುಸ್ತಕಗಳೂ ಆನ್‌ಲೈನ್ ಸೂಚಿಗೆ ಸೇರಿಲ್ಲ. ಹಳೆಯ ಸಂಗ್ರಹದ ದಾಖಲೆ ಇಂದಿಗೂ ರಿಜಿಸ್ಟರಿನಲ್ಲೋ ಮರದ ಡ್ರಾಯರಿನ ಕಾರ್ಡುಗಳಲ್ಲೋ ಇರಬಹುದು. ‘ಯಾವ ವರ್ಷದಿಂದ ಈಚಿನ ಪುಸ್ತಕಗಳು ಕಂಪ್ಯೂಟರಿನಲ್ಲಿವೆ?’ ಎಂದು ಗ್ರಂಥಪಾಲಕರನ್ನು ಒಮ್ಮೆ ಕೇಳಿಟ್ಟುಕೊಂಡರೆ ಎಷ್ಟೋ ವ್ಯರ್ಥ ಹುಡುಕಾಟ ತಪ್ಪುತ್ತದೆ.

ಅಲ್ಲಿ ಸಿಗದಿದ್ದರೆ ದೊಡ್ಡ ಸೂಚಿಗಳಿಗೆ ಹೋಗಿ. 1954ರ ಕೇಂದ್ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮರ, ಮುಂಬೈನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿಗಳಿಗೂ ತಮ್ಮ ಖರ್ಚಿನಲ್ಲಿ ಕಳಿಸಬೇಕು. ಎಲ್ಲರೂ ಕಳಿಸುವುದಿಲ್ಲ ಎಂಬುದು ನಿಜ. ಆದರೂ ಧಾರವಾಡದಲ್ಲಿ ಅಚ್ಚಾಗಿ ಧಾರವಾಡದಲ್ಲೇ ಸಿಗದ ಪುಸ್ತಕ ಕೋಲ್ಕತ್ತದಲ್ಲಿ ಇರುವ ಸಾಧ್ಯತೆ ಈ ಕಾಯ್ದೆಯಿಂದ ಹುಟ್ಟಿದೆ.

ಇನ್ನೊಂದು ದಾರಿ ಅಮೆರಿಕದ್ದು. ಭಾರತ ಕೊಂಡ ಅಮೆರಿಕದ ಗೋಧಿಯ ಬೆಲೆ ರೂಪಾಯಿಯಲ್ಲಿ ಇಲ್ಲೇ ಜಮೆಯಾಗುತ್ತಿದ್ದ ಕಾಲದಲ್ಲಿ, ಪಿಎಲ್ 480 ಎಂಬ ಅಮೆರಿಕದ ಕಾನೂನಿನ ಅಡಿಯಲ್ಲೇ, 1962ರಿಂದ ಅದೇ ಹಣದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸಲಾಯಿತು. ಇಲ್ಲಿ ಮರುಮುದ್ರಣ ಕಾಣದ ಅರುವತ್ತು, ಎಪ್ಪತ್ತರ ದಶಕಗಳ ಕನ್ನಡ ಪುಸ್ತಕಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ, ಶಿಕಾಗೊ, ಬರ್ಕ್ಲಿ, ಮ್ಯಾಡಿಸನ್ ವಿಶ್ವವಿದ್ಯಾಲಯಗಳಲ್ಲಿ ಸಿಗಲು ಇದೇ ಕಾರಣ. ಸಾವಿರಾರು ಗ್ರಂಥಾಲಯಗಳ ದಾಖಲೆಗಳನ್ನು ಒಟ್ಟಿಗೆ ತೋರಿಸುವ ವರ್ಲ್ಡ್‌ಕ್ಯಾಟ್ ಎಂಬ ಸೂಚಿಯಲ್ಲಿ ಇವನ್ನೆಲ್ಲ ಒಂದೇ ಕಡೆ ಹುಡುಕಬಹುದು. ಎತ್ತಿ ತರಲಾಗದಿದ್ದರೂ ಪುಸ್ತಕದ ಸರಿಯಾದ ಹೆಸರು, ವರ್ಷ, ಪ್ರಕಾಶಕರು ಯಾರು ಎಂಬುದು ಅಲ್ಲಿ ಗೊತ್ತಾಗುತ್ತದೆ. ಅದನ್ನು ಹಿಡಿದುಕೊಂಡು ಊರಿನ ಸೂಚಿಗೆ ಮರಳಿದರೆ ಕೆಲಸ ಅರ್ಧ ಮುಗಿದಂತೆ.

ಕನ್ನಡದಲ್ಲಿ ಟೈಪ್ ಮಾಡುವಾಗ

ಇಲ್ಲಿಯೇ ಹೆಚ್ಚಿನವರು ಸೋಲುವುದು. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲನೆಯದು ಬಿಡಿಸಿ ಬರೆಯುವ, ಕೂಡಿಸಿ ಬರೆಯುವ ಗೊಂದಲ. ‘ಜೀವನ ಚರಿತ್ರೆ’ ಎಂದು ನೀವು ಹುಡುಕಿದಾಗ ದಾಖಲೆಯಲ್ಲಿ ‘ಜೀವನಚರಿತ್ರೆ’ ಎಂದಿದ್ದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಸಣ್ಣಕಥೆ, ಸಣ್ಣ ಕಥೆ, ಸಣ್ಣ ಕತೆ ಮೂರೂ ಅದರ ಪಾಲಿಗೆ ಮೂರು. ಕತೆ ಮತ್ತು ಕಥೆ, ಜನಪದ ಮತ್ತು ಜಾನಪದ, ಇಂದಿರ ಮತ್ತು ಇಂದಿರಾ ಇವೆಲ್ಲವನ್ನೂ ಎರಡೆರಡು ಬಾರಿ ಹುಡುಕುವ ಅಭ್ಯಾಸ ಮಾಡಿಕೊಳ್ಳಬೇಕು. ಹೆಸರಿನ ಮೊದಲಲ್ಲಿ ಬರುವ ಶ್ರೀ, ಶ್ರೀಮದ್, ಸಚಿತ್ರ, ಸಮಗ್ರ ಮುಂತಾದವುಗಳನ್ನು ಬಿಟ್ಟುಬಿಡಿ. ಲೇಖಕರ ಹೆಸರಿನ ಹಿಂದಿನ ‘ಡಾ.’, ‘ಪ್ರೊ.’ಗಳನ್ನೂ ಹಾಕಬೇಡಿ.

ಎರಡನೆಯದು ವಿಭಕ್ತಿ ಪ್ರತ್ಯಯ. ಕನ್ನಡದ ಪದ ಒಂಟಿಯಾಗಿ ನಿಲ್ಲುವುದು ಕಡಿಮೆ. ‘ಮೈಸೂರು’ ಎಂದು ಹುಡುಕಿದರೆ ‘ಮೈಸೂರಿನ’ ಎಂದು ಆರಂಭವಾಗುವ ಹೆಸರುಗಳು ತಪ್ಪಿಹೋಗಬಹುದು. ಇದಕ್ಕೆ ನಕ್ಷತ್ರ ಚಿಹ್ನೆ ಇದೆ. ಪದದ ಬುಡವನ್ನು ಬರೆದು ಕೊನೆಗೆ ನಕ್ಷತ್ರ ಹಾಕಿದರೆ ಆ ಬುಡದಿಂದ ಆರಂಭವಾಗುವ ಎಲ್ಲ ಪದಗಳೂ ಬರುತ್ತವೆ. ಆದರೆ ಬುಡವನ್ನು ಕತ್ತರಿಸುವ ಜಾಗ ತಿಳಿದಿರಬೇಕು. ‘ಮೈಸೂರು*’ ಎಂದು ಬರೆದರೆ ‘ಮೈಸೂರಿನ’ ಸಿಗುವುದಿಲ್ಲ, ಏಕೆಂದರೆ ಉಕಾರದ ಜಾಗಕ್ಕೆ ಇಕಾರ ಬಂದಿದೆ. ಕೊಂಬನ್ನು ತೆಗೆದು ‘ಮೈಸೂರ*’ ಎಂದು ಬರೆಯಿರಿ. ಕಂಪ್ಯೂಟರಿನ ಒಳಗೆ ‘ರು’ ಎಂಬುದು ‘ರ’ ಮತ್ತು ಕೊಂಬು ಎಂಬ ಎರಡು ಸಂಕೇತಗಳಾಗಿ ಇರುವುದರಿಂದ ಇದು ಕೆಲಸ ಮಾಡುತ್ತದೆ. ಹಾಗೆಯೇ ‘ಕಾಡ*’ ಎಂದರೆ ಕಾಡು, ಕಾಡಿನ, ಕಾಡುಗಳು ಬರುತ್ತವೆ, ಜೊತೆಗೆ ಕಾಡಿಗೆಯೂ ಬರುತ್ತದೆ. ‘ಆತ್ಮಕ*’ ಎಂದರೆ ಆತ್ಮಕಥೆ, ಆತ್ಮಕತೆ, ಆತ್ಮಕಥನ ಮೂರೂ ಒಂದೇ ಬಲೆಗೆ ಬೀಳುತ್ತವೆ. ‘ಗ್ರಾಮ*’ ಎಂದರೆ ಸಂಧಿಯಾಗಿ ಕೂಡಿಕೊಂಡ ಗ್ರಾಮೋದ್ಯೋಗವೂ ಸಿಗುತ್ತದೆ. ಅದೇ ಪುಸ್ತಕವನ್ನು ‘ಉದ್ಯೋಗ’ ಎಂದು ಹುಡುಕಿದವರಿಗೆ ಅದು ಎಂದಿಗೂ ಕಾಣುವುದಿಲ್ಲ. ಬುಡ ತೀರ ಚಿಕ್ಕದಾದರೆ ಕಸ ಹೆಚ್ಚಾಗುತ್ತದೆ: ‘ಮರ*’ ಎಂದು ಬರೆದವರಿಗೆ ಮರಗಳ ಜೊತೆ ಮರಾಠಿಯೂ ಮರಣವೂ ಬರುತ್ತವೆ.

ಮೂರನೆಯದು ಕಣ್ಣಿಗೆ ಕಾಣದ ತಪ್ಪು. ಅನುಸ್ವಾರದ ‘ಂ’ ಮತ್ತು ಕನ್ನಡ ಅಂಕಿಯ ಸೊನ್ನೆ ‘೦’ ನೋಡಲು ಒಂದೇ ಥರ, ಒಳಗೆ ಬೇರೆ ಬೇರೆ. ದಾಖಲೆ ಟೈಪ್ ಮಾಡಿದವರು ಅವಸರದಲ್ಲಿ ‘ಸ೦ಗೀತ’ ಎಂದು ಸೊನ್ನೆ ಹಾಕಿದ್ದರೆ ನೀವು ಎಷ್ಟು ಸರಿಯಾಗಿ ‘ಸಂಗೀತ’ ಎಂದು ಬರೆದರೂ ಅದು ಬರುವುದಿಲ್ಲ. ಸಂಶಯ ಬಂದಾಗ ಅನುಸ್ವಾರವಿಲ್ಲದ ಬೇರೆ ಪದದಿಂದ ಹುಡುಕಿ. ಇನ್ನೂ ಹಳೆಯ ದಾಖಲೆಗಳನ್ನು ಯೂನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ಪದ್ಧತಿ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿರುವುದುಂಟು. ಅವು ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಂಥದ್ದನ್ನು ಕಂಡರೆ ಹೆಸರಿನ ಹುಡುಕಾಟವನ್ನು ಕೈಬಿಟ್ಟು ವರ್ಗಸಂಖ್ಯೆಯಿಂದ, ಅಂದರೆ ಪುಸ್ತಕದ ವಿಷಯವನ್ನೂ ಕಪಾಟಿನಲ್ಲಿ ಅದರ ಜಾಗವನ್ನೂ ತಿಳಿಸುವ ಸಂಖ್ಯೆಯಿಂದ, ಹುಡುಕುವುದೇ ಲೇಸು. ಅದರ ಮಾತು ಮುಂದೆ ಬರುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ

ವಿದೇಶಿ ಗ್ರಂಥಾಲಯಗಳ ಹಳೆಯ ದಾಖಲೆಗಳು ಕನ್ನಡ ಹೆಸರನ್ನು ರೋಮನ್ ಲಿಪಿಯಲ್ಲಿ ಮಾತ್ರ ಬರೆದಿವೆ. ಅದೂ ನಾವು ಮೊಬೈಲಿನಲ್ಲಿ ಬರೆಯುವ ರೀತಿಯಲ್ಲಿ ಅಲ್ಲ, ಒಂದು ಕಟ್ಟುನಿಟ್ಟಾದ ಲಿಪ್ಯಂತರ ನಿಯಮದ ಪ್ರಕಾರ. ಈ ನಿಯಮವನ್ನು ಕಲಿಯಲು ಹತ್ತು ನಿಮಿಷ ಸಾಕು.

‘ತ’ಕ್ಕೆ ಬರಿಯ ಟಿ. ನಾವು ದಕ್ಷಿಣದವರು ಲತಾ, ಅನಂತ, ಕಾರಂತ ಎಂದು ಬರೆಯುವಾಗ ಟಿ ಜೊತೆ ಎಚ್ ಸೇರಿಸುತ್ತೇವೆ. ಸೂಚಿಯಲ್ಲಿ ಟಿ ಮತ್ತು ಎಚ್ ಸೇರಿದರೆ ಅದು ‘ಥ’. ‘ಚ’ಕ್ಕೆ ಸಿ ಒಂದೇ, ಸಿ ಜೊತೆ ಎಚ್ ಬಂದರೆ ‘ಛ’. ಹೀಗಾಗಿ ಚಂದ್ರ ಎಂಬುದು ಸಿ, ಎ, ಎನ್, ಡಿ, ಆರ್, ಎ. ಶ, ಷ ಎರಡಕ್ಕೂ ಎಚ್ ಇಲ್ಲದ ಎಸ್. ಒಂದಕ್ಕೆ ಮೇಲೆ ಗೀಟು, ಇನ್ನೊಂದಕ್ಕೆ ಕೆಳಗೆ ಚುಕ್ಕಿ ಇರುತ್ತದೆ. ದೀರ್ಘಾಕ್ಷರಕ್ಕೆ ಸ್ವರದ ಮೇಲೆ ಅಡ್ಡಗೀಟು ಹಾಕುತ್ತಾರೆ, ನಮ್ಮಂತೆ ಎರಡು ಇ, ಎರಡು ಒ ಬರೆಯುವುದಿಲ್ಲ. ಆದ್ದರಿಂದ ಭೂಮಿ ಎಂಬುದು ಬಿ, ಎಚ್, ಯು, ಎಂ, ಐ. ಅನುಸ್ವಾರ ಮುಂದಿನ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ: ‘ಕಾರಂತ’ದಲ್ಲಿ ಎನ್, ‘ಅಂಬಿಕಾ’ದಲ್ಲಿ ಎಂ. ಗೀಟು ಚುಕ್ಕಿಗಳನ್ನು ನೀವು ಟೈಪ್ ಮಾಡಬೇಕಿಲ್ಲ. ಹೆಚ್ಚಿನ ಸೂಚಿಗಳು ಅವನ್ನು ಲೆಕ್ಕಿಸದೆ ಬರಿ ಅಕ್ಷರವನ್ನೇ ಹೋಲಿಸುತ್ತವೆ.

ವ್ಯಕ್ತಿಯ ಹೆಸರುಗಳಿಗೆ ಈ ನಿಯಮ ಯಾವಾಗಲೂ ನಡೆಯುವುದಿಲ್ಲ. ಲೇಖಕರು ತಾವೇ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದ ರೂಪವನ್ನು ಕೆಲವು ಸೂಚಿಗಳು ಉಳಿಸಿಕೊಂಡಿರುತ್ತವೆ. ಪುಸ್ತಕದ ಹೆಸರಿಗೆ ನಿಯಮದ ಕಾಗುಣಿತ, ಲೇಖಕರಿಗೆ ಎರಡೂ ಕಾಗುಣಿತ, ಇದು ನನ್ನ ಪದ್ಧತಿ.

ದೊಡ್ಡ ಸೂಚಿಗಳಲ್ಲಿ ಭಾಷೆಯ ಜರಡಿಯನ್ನು ಮರೆಯದೆ ಬಳಸಿ. ಸುಧಾರಿತ ಹುಡುಕಾಟದ ಪುಟದಲ್ಲಿ ಭಾಷೆ ಕನ್ನಡ ಎಂದು ಆರಿಸಿದರೆ ಕೋಟಿಗಟ್ಟಲೆ ದಾಖಲೆಗಳ ರಾಶಿ ಒಮ್ಮೆಗೇ ಕರಗುತ್ತದೆ. ಭಾಷೆಯ ಸಂಕೇತವನ್ನು ನೀವೇ ಬರೆಯಬೇಕಾದ ಸೂಚಿಗಳಲ್ಲಿ ಕೆ, ಎ, ಎನ್ ಎಂಬ ಮೂರು ಅಕ್ಷರ ಕೊಡಿ. ಆಮೇಲೆ ಹೆಸರಿನ ಒಂದು ತುಣುಕು ಕೊಟ್ಟರೂ ನಡೆಯುತ್ತದೆ.

ಲೇಖಕರ ಹೆಸರು

ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಸೂಚಿಕಾರರ ಕೆಲಸ ಸುಲಭ: ಗೋಕಾಕ, ಬೇಂದ್ರೆ, ಕಟ್ಟೀಮನಿ. ಹಳೆಯ ಮೈಸೂರಿನ ಕಡೆ ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂದು ಸಾಲಾಗಿ ಬಂದು ಮೊದಲೆರಡು ಬರೀ ಅಕ್ಷರಗಳಾಗಿ ಕುಗ್ಗುತ್ತವೆ. ‘ಗುಂಡಪ್ಪ, ಡಿ. ವಿ.’ ಎಂದು ತಲೆಕೆಳಗಾಗಿ ಬರೆದಿರುವ ದಾಖಲೆಯನ್ನು ‘ಡಿವಿಜಿ’ ಎಂದು ಹುಡುಕಿದರೆ ಸಿಗುವ ಭರವಸೆಯಿಲ್ಲ. ಅಕ್ಷರಗಳ ನಡುವೆ ಚುಕ್ಕಿ, ಜಾಗ ಇದೆಯೋ ಇಲ್ಲವೋ ಎಂಬುದೂ ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ಮೊದಲ ಹುಡುಕಾಟದಲ್ಲಿ ಇನಿಶಿಯಲ್ ಹಾಕಬೇಡಿ, ಮುಖ್ಯ ಹೆಸರು ಮಾತ್ರ ಹಾಕಿ.

ಹಾಗೆ ಮಾಡಿದಾಗ ಒಂದೇ ಹೆಸರಿನ ಇಬ್ಬರು ಬೆರೆತುಹೋಗುವುದುಂಟು. ‘ಶ್ರೀಕಂಠಯ್ಯ’ ಎಂದರೆ ಬಿ.ಎಂ.ಶ್ರೀ ಅವರೂ ಬರುತ್ತಾರೆ, ತೀ.ನಂ.ಶ್ರೀ ಅವರೂ ಬರುತ್ತಾರೆ. ಒಳ್ಳೆಯ ಸೂಚಿಗಳು ಹೆಸರಿನ ಮುಂದೆ ಜನನ ಮರಣದ ವರ್ಷ ಹಾಕಿ ಇದನ್ನು ಬಿಡಿಸುತ್ತವೆ. 1884–1946 ಎಂದಿದ್ದರೆ ಮೊದಲನೆಯವರು, 1906–1966 ಎಂದಿದ್ದರೆ ಎರಡನೆಯವರು. ನಿಮಗೆ ಬೇಕಾದವರ ಹೆಸರು ಕೊಂಡಿಯಾಗಿ ಕಂಡರೆ ಅದರ ಮೇಲೆ ಒತ್ತಿ. ಅದೇ ವ್ಯಕ್ತಿಯ ಉಳಿದ ಪುಸ್ತಕಗಳು, ಬೇರೆ ಕಾಗುಣಿತದಲ್ಲಿ ಅಚ್ಚಾದವೂ ಸೇರಿ, ಒಟ್ಟಿಗೆ ಬರುತ್ತವೆ. ಟೈಪ್ ಮಾಡಿ ಹುಡುಕುವುದಕ್ಕಿಂತ ಈ ಕೊಂಡಿ ಎಷ್ಟೋ ಪಾಲು ನಂಬಿಕಸ್ಥ.

ಕಾವ್ಯನಾಮದ ಲೇಖಕರನ್ನು ಎರಡೂ ಹೆಸರಿನಲ್ಲಿ ಹುಡುಕಲೇಬೇಕು: ಕುವೆಂಪು ಮತ್ತು ಪುಟ್ಟಪ್ಪ, ಅಂಬಿಕಾತನಯದತ್ತ ಮತ್ತು ಬೇಂದ್ರೆ, ಶ್ರೀನಿವಾಸ ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮಾಸ್ತಿಯವರನ್ನು ‘ಮಾಸ್ತಿ’ ಅಡಿಯಲ್ಲೂ ‘ವೆಂಕಟೇಶ’ ಅಡಿಯಲ್ಲೂ ನೋಡಿ. ಅನುವಾದವಾದರೆ ಮೂಲ ಲೇಖಕರ ಹೆಸರು ಮೊದಲು, ಅನುವಾದಕರದು ಆಮೇಲೆ.

ವಿಷಯದಿಂದ ಹುಡುಕುವಾಗ ಭೂಪಟ ನೆನಪಿರಲಿ

ನಿರ್ದಿಷ್ಟ ಪುಸ್ತಕವಲ್ಲ, ಒಂದು ವಿಷಯದ ಮೇಲೆ ಏನೇನಿದೆ ಎಂದು ನೋಡಬೇಕಾದಾಗ ಬೇರೆ ಜಾಣತನ ಬೇಕು. ಉದಾಹರಣೆಗೆ ಊರಿನ ಇತಿಹಾಸ ಬರೆಯಲು ಹೊರಟವರನ್ನು ತೆಗೆದುಕೊಳ್ಳೋಣ. ಈಚೆಗೆ ಇಂಥ ಪ್ರಯತ್ನ ಮಾಡುವವರು ಹೆಚ್ಚುತ್ತಿರುವುದು ನನಗೆ ಬಹಳ ಸಂತೋಷದ ಸಂಗತಿ. ಅವರು ‘ಕರ್ನಾಟಕ’ ಎಂದು ಹುಡುಕಿ, ಏನೂ ಇಲ್ಲವೆಂದು ಕೈಚೆಲ್ಲುತ್ತಾರೆ. ಆದರೆ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಸರ್ಕಾರಿ ಪ್ರಕಟಣೆಗಳೆಲ್ಲ ‘ಮೈಸೂರು’ ಹೆಸರಿನಲ್ಲಿವೆ. 1956ಕ್ಕೂ ಹಿಂದೆ ಹೋದರೆ ಮೈಸೂರೂ ಸಾಲದು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿಗೆ ಸೇರಿದ್ದವು. ಆ ಜಿಲ್ಲೆಗಳ ಹಳೆಯ ಗೆಜೆಟಿಯರುಗಳು (ಜಿಲ್ಲೆಯ ವಿವರಗಳನ್ನೆಲ್ಲ ಕೊಡುವ ಸರ್ಕಾರಿ ಗ್ರಂಥಗಳು) ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್ ಮಾಲೆಯ ಸಂಪುಟಗಳು: ಕೆನರಾ ಸಂಪುಟ 1883ರದ್ದು, ಧಾರವಾಡದ್ದು 1884ರದ್ದು. ದಕ್ಷಿಣ ಕನ್ನಡವನ್ನು ಮದರಾಸಿನ ಅಡಿಯಲ್ಲಿ ‘ಸೌತ್ ಕೆನರಾ’ ಎಂದು ಹುಡುಕಬೇಕು. ಬಳ್ಳಾರಿಯೂ 1953ರ ತನಕ ಮದರಾಸಿನದೇ. ಕಲಬುರಗಿ, ಬೀದರ, ರಾಯಚೂರುಗಳು ಹೈದರಾಬಾದಿನ ಅಡಿಯಲ್ಲಿ, ಕೊಡಗು ತಾನೇ ಒಂದು ರಾಜ್ಯ, ಇಂಗ್ಲಿಷಿನಲ್ಲಿ ‘ಕೂರ್ಗ್’.

ಊರುಗಳ ಇಂಗ್ಲಿಷ್ ಕಾಗುಣಿತವೂ 2014ರಲ್ಲಿ ಬದಲಾಗಿದೆ. ಅದಕ್ಕೆ ಹಿಂದಿನ ದಾಖಲೆಗಳಲ್ಲಿ ಬ್ಯಾಂಗಲೋರ್, ಶಿಮೋಗಾ, ಗುಲ್ಬರ್ಗಾ ಎಂದೇ ಇರುತ್ತದೆ. ಭಾಷೆಯ ಹೆಸರೂ ಹಾಗೆಯೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ಕನ್ನಡವನ್ನು ‘ಕೆನರೀಸ್’ ಎಂದು ಕರೆಯುವುದು ವಾಡಿಕೆ. ಆ ಪದವನ್ನು ಸಿ ಅಕ್ಷರದಿಂದಲೂ ಕೆ ಅಕ್ಷರದಿಂದಲೂ ಆರಂಭಿಸಿ ಹುಡುಕಿದರೆ ಮಿಷನರಿಗಳ ವ್ಯಾಕರಣಗಳು, ಪಠ್ಯಪುಸ್ತಕಗಳು ಹೊರಬರುತ್ತವೆ.

ಒಂದು ಸರಿಯಾದ ಪುಸ್ತಕ ಸಿಕ್ಕ ಕೂಡಲೇ ಅದರ ದಾಖಲೆಯ ಕೆಳಗೆ ‘ವಿಷಯ’ ಎಂಬ ಸಾಲನ್ನು ನೋಡಿ. ಅಲ್ಲಿನ ಪದಗಳನ್ನು ಸೂಚಿಕಾರರು ಒಂದು ನಿಗದಿತ ಪಟ್ಟಿಯಿಂದ ಆರಿಸಿರುತ್ತಾರೆ, ಹಾಗಾಗಿ ಅದರ ಮೇಲೆ ಒತ್ತಿದರೆ ಹೆಸರಿನಲ್ಲಿ ಆ ಪದವೇ ಇಲ್ಲದ ಪುಸ್ತಕಗಳೂ ಬರುತ್ತವೆ. ನಾನು ಕಂಡ ಒಳ್ಳೆಯ ಹುಡುಕಾಟಗಾರರೆಲ್ಲ ಟೈಪ್ ಮಾಡುವುದು ಕಡಿಮೆ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಡೆಯುವುದು ಹೆಚ್ಚು.

ದಾಖಲೆ ಓದುವುದು, ಕಪಾಟಿಗೆ ಹೋಗುವುದು

ಪುಸ್ತಕದ ಹೆಸರಿನ ಮೇಲೆ ಒತ್ತಿದಾಗ ಪೂರ್ಣ ದಾಖಲೆ ತೆರೆಯುತ್ತದೆ. ಮುದ್ರಣದ ವರ್ಷ, ಪುಟಗಳ ಸಂಖ್ಯೆ ನೋಡಿ. ಒಂದೇ ಹೆಸರಿನ 90 ಪುಟದ ಪುಸ್ತಕವೂ 600 ಪುಟದ ಪುಸ್ತಕವೂ ಇದ್ದರೆ ಚಿಕ್ಕದು ಸಂಕ್ಷಿಪ್ತ ರೂಪವಾಗಿರಬಹುದು. ಅದರ ಕೆಳಗೆ ಪ್ರತಿಗಳ ಪಟ್ಟಿ ಇರುತ್ತದೆ: ಯಾವ ಶಾಖೆ, ವರ್ಗಸಂಖ್ಯೆ, ಪರಿಗ್ರಹಣ ಸಂಖ್ಯೆ (ಗ್ರಂಥಾಲಯ ಪ್ರತಿಯೊಂದು ಪ್ರತಿಗೂ ಕೊಡುವ ಬೇರೆ ಬೇರೆ ಸಂಖ್ಯೆ), ಈಗಿನ ಸ್ಥಿತಿ. ‘ಲಭ್ಯ’ ಎಂದಿದ್ದರೆ ಎರವಲು ಪಡೆಯಬಹುದು ಎಂದೇನಲ್ಲ. ‘ಪರಾಮರ್ಶನ’ ಎಂಬ ಗುರುತಿದ್ದರೆ ಅಲ್ಲೇ ಕುಳಿತು ಓದಬೇಕು. ಎರವಲು ಹೋಗಿದ್ದರೆ ಹಿಂದಿರುಗುವ ದಿನಾಂಕ ಕಾಣುತ್ತದೆ.

ವರ್ಗಸಂಖ್ಯೆಯನ್ನು ಪೂರ್ತಿಯಾಗಿ ಬರೆದುಕೊಳ್ಳಿ. ಪುಸ್ತಕಗಳನ್ನು ವಿಷಯಕ್ಕೆ ತಕ್ಕಂತೆ ಸಂಖ್ಯೆಗಳಿಂದ ವಿಂಗಡಿಸುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಭಾಷೆಗೆ 494.814, ಕನ್ನಡ ಸಾಹಿತ್ಯಕ್ಕೆ 894.814. ಅದರ ಮುಂದೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ. ಅಂದರೆ ಕಾದಂಬರಿಗಳು 894.8143ರಲ್ಲಿ ಇರುತ್ತವೆ. ಚುಕ್ಕಿಯ ನಂತರದ ಅಂಕಿಗಳನ್ನು ಒಂದೊಂದಾಗಿ ಹೋಲಿಸಬೇಕು, ಹಾಗಾಗಿ 894.8143 ಎಂಬುದು 894.82ಕ್ಕಿಂತ ಮೊದಲು ಬರುತ್ತದೆ. ಸಂಖ್ಯೆಯ ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳಿರುತ್ತವೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇರೆ ಪದ್ಧತಿ ಇದೆ. ಅಲ್ಲಿ ಕನ್ನಡದ ಬರಹಗಾರರ ಕೃತಿಗಳು ಪಿಎಲ್ 4659 ಎಂಬ ಸಂಖ್ಯೆಯ ಕಪಾಟಿನಲ್ಲಿ ಸೇರಿರುತ್ತವೆ.

ಫಾಂಟು ಕೆಟ್ಟ ದಾಖಲೆಗಳಿಗೆ ಈ ಸಂಖ್ಯೆಯೇ ಮದ್ದು. ಹುಡುಕಾಟದ ಪೆಟ್ಟಿಗೆಯಲ್ಲಿ ‘ವರ್ಗಸಂಖ್ಯೆ’ ಆರಿಸಿ 894.8143 ಎಂದು ಕೊಟ್ಟರೆ ಹೆಸರು ಓದಲು ಬಾರದ ದಾಖಲೆಗಳೂ ಸಾಲಾಗಿ ನಿಲ್ಲುತ್ತವೆ. ಬಹಳ ಗ್ರಂಥಾಲಯಗಳು ಬಳಸುವ ‘ಕೊಹಾ’ ತಂತ್ರಾಂಶದಲ್ಲಿ ಅಕ್ಕಪಕ್ಕದ ಪುಸ್ತಕಗಳನ್ನು ಕಪಾಟಿನಂತೆಯೇ ಪರದೆಯ ಮೇಲೆ ನೋಡುವ ಅನುಕೂಲವೂ ಇದೆ. ಕೊಹಾ ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯ ಸಂಸ್ಥೆಗಾಗಿ ಹುಟ್ಟಿ, 2000ರಲ್ಲಿ ಬಳಕೆಗೆ ಬಂದು, ಎಲ್ಲರಿಗೂ ಉಚಿತವಾಗಿ ಸಿಗುವಂತಾದ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಎಂದು ಅರ್ಥ.

ಕಪಾಟಿನ ಮುಂದೆ ನಿಂತಾಗ ಪುಸ್ತಕ ಕಾಣದಿದ್ದರೆ ಅದೇ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಗೇಣು ನೋಡಿ, ಆಮೇಲೆ ಹಿಂದಿರುಗಿಸಿದ ಪುಸ್ತಕಗಳ ಮೇಜನ್ನು ನೋಡಿ.

ಖಾತೆ, ಕಾಯ್ದಿರಿಸುವಿಕೆ, ದೂರದ ಪುಸ್ತಕ

ಸದಸ್ಯತ್ವದ ಸಂಖ್ಯೆ ಮತ್ತು ಗುಪ್ತಪದದಿಂದ ಒಳಹೊಕ್ಕರೆ ಎರವಲಿನ ಅವಧಿ ನವೀಕರಿಸಬಹುದು, ಬೇಕಾದ ಪುಸ್ತಕಗಳ ಪಟ್ಟಿ ಮಾಡಿಡಬಹುದು, ಹೊರಗೆ ಹೋಗಿರುವ ಪುಸ್ತಕವನ್ನು ಕಾಯ್ದಿರಿಸಬಹುದು. ನಮ್ಮ ಅನೇಕ ಗ್ರಂಥಾಲಯಗಳಲ್ಲಿ ಕಾಯ್ದಿರಿಸುವ ಗುಂಡಿ ಇದ್ದರೂ ಚಾಲೂ ಇರುವುದಿಲ್ಲ. ಫೋನ್ ಮಾಡಿ ಕೇಳುವುದು ಉತ್ತಮ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಸೌಲಭ್ಯವಿದೆ, ಬಳಸುವವರು ಕಡಿಮೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಬೇರೆ ಗ್ರಂಥಾಲಯದಿಂದ ಪುಸ್ತಕ ತರಿಸಿಕೊಡುತ್ತವೆ. ವರ್ಲ್ಡ್‌ಕ್ಯಾಟ್‌ನಲ್ಲಿ ಪುಸ್ತಕ ಹುಡುಕಿ, ಅಲ್ಲಿ ಕಾಣುವ ದಾಖಲೆ ಸಂಖ್ಯೆಯನ್ನೂ ರೋಮನ್ ಲಿಪಿಯಲ್ಲಿರುವ ಹೆಸರನ್ನೂ ಇದ್ದಂತೆಯೇ ನಕಲು ಮಾಡಿ ಕೋರಿಕೆ ಅರ್ಜಿಯಲ್ಲಿ ತುಂಬಿ. ನಿಮ್ಮದೇ ಕಾಗುಣಿತದಲ್ಲಿ ಬರೆದರೆ ಕನ್ನಡ ಬಾರದ ಸಿಬ್ಬಂದಿಗೆ ಅದು ಸಿಗುವುದಿಲ್ಲ. ಹಲವು ಕಡೆ ಇದಕ್ಕೆ ಶುಲ್ಕವಿಲ್ಲ, ಕೆಲವು ವಾರ ಕಾಯಬೇಕಾಗಬಹುದು.

ದಾಖಲೆಯಲ್ಲಿ ತಪ್ಪು ಕಂಡರೆ

ಸುಮ್ಮನೆ ಬಿಡಬೇಡಿ. ನಿಮಗೆ ಕಷ್ಟಪಟ್ಟು ಸಿಕ್ಕ ಪುಸ್ತಕ ಮುಂದಿನವರಿಗೆ ಸುಲಭವಾಗಿ ಸಿಗಲಿ. ಕಾಗದದ ಮೇಲೆ ಪರಿಗ್ರಹಣ ಸಂಖ್ಯೆ, ಈಗ ಇರುವ ಬರಹ, ಇರಬೇಕಾದ ಬರಹ ಇವು ಮೂರನ್ನು ಬರೆದು, ಸಾಧ್ಯವಾದರೆ ಪುಸ್ತಕದ ಶೀರ್ಷಿಕೆ ಪುಟದ ಫೋಟೊ ಸೇರಿಸಿ ಗ್ರಂಥಪಾಲಕರಿಗೆ ಕೊಡಿ. ‘ನಿಮ್ಮ ಸೂಚಿ ಸರಿಯಿಲ್ಲ’ ಎಂಬ ದೂರಿನಿಂದ ಏನೂ ಆಗುವುದಿಲ್ಲ. ಒಂದು ಸಂಖ್ಯೆ, ಒಂದು ತಿದ್ದುಪಡಿ ಎಂದು ಕೊಟ್ಟರೆ ಕುಳಿತಲ್ಲೇ ಸರಿಪಡಿಸುತ್ತಾರೆ. ಕಾವ್ಯನಾಮ ಬಿಟ್ಟುಹೋಗಿದ್ದರೆ ಅದನ್ನೂ ಹೀಗೆಯೇ ಬರೆಯಿರಿ. ಒಬ್ಬ ಲೇಖಕರ ಹಲವು ಪುಸ್ತಕಗಳಲ್ಲಿ ಅದೇ ತಪ್ಪಿದ್ದರೆ ಎಲ್ಲ ಪರಿಗ್ರಹಣ ಸಂಖ್ಯೆಗಳನ್ನೂ ಏರಿಕೆಯ ಕ್ರಮದಲ್ಲಿ ಕೊಡಿ, ತಿದ್ದುವವರಿಗೆ ಹುಡುಕುವ ಕೆಲಸ ತಪ್ಪುತ್ತದೆ.